ಹತ್ತಿರದ ಕಾರು

ಉನ್ನೊ ಇಸಾಮು ಊಟದ ಡಬ್ಬಿ ಮರೆತು ಹೋದದ್ದೇ ಎಲ್ಲಕ್ಕೂ ಮೂಲ. ಆವತ್ತು ಅದನ್ನು ಅಡುಗೆಮನೆಯ ಕಟ್ಟೆಯ ಮೇಲೆ ಬಿಡದೆ ಕೈಯಲ್ಲಿ ಹಿಡಿದುಕೊಂಡು ಹೊರಟಿದ್ದರೆ ಅವನ ಭಾನುವಾರಗಳು ಅವನವಾಗಿಯೇ ಉಳಿಯುತ್ತಿದ್ದವು, ಹೆಂಡತಿ ಯುಕಾರಿ ಮನೆಯಲ್ಲಿ ಬಟ್ಟೆ ಒಣಹಾಕಿಕೊಂಡು ಇದ್ದುಬಿಡುತ್ತಿದ್ದಳು. ಒಬ್ಬ ಗಂಡಸಿನ ಹೊಟ್ಟೆಕಿಚ್ಚಿಗೆ ಎರಡು ಅನ್ನದುಂಡೆ, ಒಂದು ಮೊಟ್ಟೆ ಸುರುಳಿ, ನಾಲ್ಕು ಹೋಳು ಮೂಲಂಗಿ ಉಪ್ಪಿನಕಾಯಿ ಸಾಕಾಯಿತು ಎಂದರೆ ನೀವು ನಂಬಲಿಕ್ಕಿಲ್ಲ. ಇಸಾಮುವನ್ನು ಬಲ್ಲವರು ನಂಬುತ್ತಾರೆ.

ಶಿಜುಓಕಾ ಪೇಟೆಯಿಂದ ಆಚೆಗೆ, ವಾರಾಶಿನಾ ಹೊಳೆಯ ದಂಡೆಯಲ್ಲಿ, ಹಳೆಯ ಕಿತ್ತಳೆ ತೋಟ ಕಡಿದು ಸಮ ಮಾಡಿದ ಜಾಗದಲ್ಲಿ ಮೊಚಿಜುಕಿ ಅಜ್ಜನ ರೇಸಿನ ಅಂಗಳವಿದೆ. ರಿಮೋಟ್ ಕಾರುಗಳ ರೇಸು. ಮೊಳದುದ್ದದ ಕಾರುಗಳು ಮಣ್ಣಿನ ದಿಬ್ಬ ಹಾರಿ, ತಿರುವುಗಳಲ್ಲಿ ಧೂಳೆಬ್ಬಿಸಿಕೊಂಡು ಓಡುತ್ತವೆ. ಅವುಗಳನ್ನು ಓಡಿಸುವ ದೊಡ್ಡ ಮನುಷ್ಯರು ಪಕ್ಕದ ಅಟ್ಟಣಿಗೆಯ ಮೇಲೆ ಸಾಲಾಗಿ ನಿಂತು, ಉಸಿರು ಬಿಗಿಹಿಡಿದು, ಕಾರು ತಿರುಗಿದ ಕಡೆಗೆಲ್ಲ ಮೈ ವಾಲಿಸುತ್ತಾರೆ. ಗಡ್ಡ ನೆರೆತವರು, ಮೊಮ್ಮಕ್ಕಳಿರುವವರು, ಹಲ್ಲಿನ ಡಾಕ್ಟರು, ಲಾರಿ ಡ್ರೈವರು. ಎಲ್ಲರದೂ ಒಂದೇ ಕತೆ. ಮಗನಿಗೆ ಎಂದು ಕಾರು ತಂದರು, ಮಗ ಒಂದು ವರ್ಷಕ್ಕೆ ಬಿಟ್ಟ, ಅಪ್ಪ ಬಿಡಲಿಲ್ಲ. ಅದಕ್ಕೇ ಅಲ್ಲಿ ಯಾರೂ ಯಾರನ್ನೂ ಈ ವಿಷಯದಲ್ಲಿ ಹಂಗಿಸುವುದಿಲ್ಲ.

ಇಸಾಮುವಿನ ಕತೆಗೆ ಸ್ವಲ್ಪ ಹಿಂದಿನ ತುದಿಯೂ ಇತ್ತು. ಅವನು ಐದನೇ ತರಗತಿಯಲ್ಲಿದ್ದಾಗ ಊರಿಗೆ ಊರೇ ರಿಮೋಟ್ ಕಾರಿನ ಹುಚ್ಚು ಹಿಡಿಸಿಕೊಂಡಿತ್ತು. ತರಗತಿಯ ಹುಡುಗರೆಲ್ಲರ ಹತ್ತಿರ ಕಾರಿತ್ತು, ಇವನ ಹತ್ತಿರ ಇರಲಿಲ್ಲ. ಅಪ್ಪ ದೂರ ಸಮುದ್ರದ ಮೀನು ಹಡಗಿನಲ್ಲಿ ಕೆಲಸಕ್ಕಿದ್ದ, ವರ್ಷಕ್ಕೆರಡು ಸಲ ಮನೆ ನೋಡುತ್ತಿದ್ದ. ಕಾರು ಕೊಡಿಸು ಎಂದು ಹಡಗಿಗೆ ಕೂಗಿ ಹೇಳಲು ಆಗುತ್ತದೆಯೇ? ಶಾಲೆಯ ಹಿಂದಿನ ಬಯಲಿನಲ್ಲಿ ಹುಡುಗರು ಕಾರು ಓಡಿಸುವಾಗ ಇಸಾಮು ನಡುವೆ ನಿಂತಿರುತ್ತಿದ್ದ. ಕಾರು ಅಂಗಾತ ಬಿದ್ದರೆ ತಾನಾಗಿ ಏಳುವುದಿಲ್ಲ, ಯಾರಾದರೂ ಓಡಿಹೋಗಿ ಮಗುಚಬೇಕು. "ಇಸಾಮು, ಎತ್ತೋ," ಎಂದು ಕೂಗಿದರೆ ಸಾಕು, ಓಡುತ್ತಿದ್ದ. ಎರಡು ಬೇಸಿಗೆ ಪೂರ್ತಿ ಅವನು ಬೇರೆಯವರ ಕಾರುಗಳನ್ನು ಎತ್ತಿ ನಿಲ್ಲಿಸಿದ. ಆ ಉರಿ ಒಳಗೇ ಕೂತಿತ್ತು. ಮುಂದೆ ಮೀನು ಅರೆದು ಬಿಲ್ಲೆ ಮಾಡುವ ಕಾರ್ಖಾನೆಗೆ ಸೇರಿ, ಮದುವೆಯಾಗಿ, ಮಗ ಶುಂಜಿಗೆ ಐದು ತುಂಬಿದಾಗ ನೆವ ಸಿಕ್ಕಿತು. ಕಾರು ತಂದ. ಪೆಟ್ಟಿಗೆ ಬಿಚ್ಚುವಾಗ ಮಗನ ಕೈ ತಾಕಗೊಡಲಿಲ್ಲ. ಶುಂಜಿ ಬೇಗನೆ ಟೇಬಲ್ ಟೆನ್ನಿಸಿನ ಕಡೆ ಹೊರಟುಹೋದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಅಂಗಳದ ಗುಡಿಸಲಿನ ಗೋಡೆಯ ಮೇಲೆ ಮೊಳೆ ಹೊಡೆದು ಮರದ ಹೆಸರುಪಟ್ಟಿಗಳನ್ನು ತೂಗುಹಾಕಿದ್ದಾರೆ. ಪ್ರತಿ ವರ್ಷ ಶರತ್ಕಾಲದ ದೊಡ್ಡ ರೇಸಿನಲ್ಲಿ ಮೊದಲ ಹತ್ತರೊಳಗೆ ಬಂದು 'ಎ' ಫೈನಲಿಗೆ ಹೋದವರ ಮನೆತನದ ಹೆಸರನ್ನು ಅಜ್ಜ ಕುಂಚದಲ್ಲಿ ಬರೆದು ನೇತುಹಾಕುತ್ತಾನೆ. ಒಮ್ಮೆ ಏರಿದ ಪಟ್ಟಿ ಇಳಿಯುವುದಿಲ್ಲ. ಎಂಟು ವರ್ಷದಿಂದ ಇಸಾಮು ಆ ಗೋಡೆ ನೋಡಿಕೊಂಡು ಅನ್ನದುಂಡೆ ತಿಂದಿದ್ದ. ಉಳಿದವರೆಲ್ಲ ಬೀಳುವ 'ಬಿ' ಫೈನಲೇ ಅವನ ಮನೆಯಾಗಿತ್ತು. ಮೇಲಿನ ಸಾಲಿನಲ್ಲಿ ಹೊಗೆ ಹಿಡಿದು ಕಪ್ಪಾದ ಒಂದು ಪಟ್ಟಿಯಿತ್ತು, 'ಫುಕಾಜಾವಾ' ಎಂದು. ಅದರ ಕೆಳಗೆ ಯಾರೋ ಚಾಕುವಿನಲ್ಲಿ ಬೆಕ್ಕಿನ ಮುಖ ಕೆತ್ತಿದ್ದರು. ಹೆಂಡತಿಯ ತವರಿನ ಹೆಸರೂ ಅದೇ. ಆದರೆ ಆ ಕಡೆ ಕಲ್ಲು ಹೊಡೆದರೆ ಒಬ್ಬ ಫುಕಾಜಾವಾಗೆ ತಾಗುತ್ತದೆ. ಇಸಾಮುವಿನ ತಲೆಗೆ ಏನೂ ಹೊಳೆದಿರಲಿಲ್ಲ.

ಯುಕಾರಿ ಊಟದ ಡಬ್ಬಿ ಹಿಡಿದು ಬಂದ ಆ ಭಾನುವಾರ ಇಸಾಮು ಮೇಜಿನ ಮೇಲೆ ಮೋಟಾರು ಬಿಚ್ಚಿಕೊಂಡು ಕೂತಿದ್ದ. ಡಬ್ಬಿ ಇಡಲು ಜಾಗವಿಲ್ಲದೆ ಅವಳು ಶುಂಜಿಯ ಹಳೆಯ ರಿಮೋಟನ್ನು ಕೈಗೆ ತೆಗೆದುಕೊಂಡಳು. ಅದು ಎರಡು ಕಡ್ಡಿಗಳಿರುವ ಹಳೆಯ ಮಾದರಿ. ಇಸಾಮುವಿನದು ಪಿಸ್ತೂಲಿನ ಆಕಾರದ, ಚಕ್ರವಿರುವ ಹೊಸದು. ಅವಳು ಅದನ್ನು ಹೊಟ್ಟೆಗೆ ಒತ್ತಿ ಹಿಡಿದು, ಎರಡೂ ಕಡ್ಡಿಗಳನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ನಶ್ಯದ ಹಾಗೆ ಚಿವುಟಿ ಹಿಡಿದು ನಿಂತಿದ್ದಳು. ಅಂಗಳಕ್ಕೆ ನೀರು ಹಾಯಿಸುತ್ತಿದ್ದ ಮೊಚಿಜುಕಿ ಅಜ್ಜ ಅವಳನ್ನು ನೋಡಿ ಪೈಪನ್ನು ತನ್ನ ಕಾಲಿನ ಮೇಲೇ ಬಿಟ್ಟುಕೊಂಡ.

"ಬೆಕ್ಕಲ್ವಾ ನೀನು?" ಎಂದ.

ಯುಕಾರಿ ತಿರುಗಿದಳು. ಇಸಾಮು ನೋಡನೋಡುತ್ತಿದ್ದಂತೆ ನಲವತ್ತೇಳು ವರ್ಷದ ಅವಳ ಮುಖ ಹುಡುಗಿಯರ ಹಾಗೆ ಕೆಂಪಗಾಯಿತು. "ಮೊಚಿ ಅಣ್ಣ, ನೀವಿನ್ನೂ ಇದ್ದೀರಾ?"

"ಸಾಯೋಕೆ ಪುರುಸೊತ್ತೆಲ್ಲಿದೆ, ಮಣ್ಣಿಗೆ ನೀರು ಹಾಕೋರು ಯಾರು? ಎಷ್ಟು ವರ್ಷ ಆಯ್ತೇ? ಅಪ್ಪ ಹೇಗಿದ್ದಾರೆ?"

"ಇದ್ದಾರೆ. ಮಂಡಿ ನೋವು ಅಂತಾರೆ, ಪಚಿಂಕೊ ಜೂಜು ಆಡೋಕೆ ಹೋಗುವಾಗ ಮಾತ್ರ ನೋಯಲ್ಲ."

ಊರಿಗೆಲ್ಲ ಅಜ್ಜನಾದವನು ಇವಳಿಗೆ ಅಣ್ಣ. ಇಸಾಮು ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಒಮ್ಮೆ ಇವಳನ್ನು, ಒಮ್ಮೆ ಅವನನ್ನು ನೋಡಿದ.

"ನಿನ್ನ ಹೆಂಡ್ತೀನಾ ಉನ್ನೊ?" ಅಜ್ಜ ಗೋಡೆಯ ಮೇಲಿನ ಆ ಕಪ್ಪು ಪಟ್ಟಿಯ ಕಡೆ ಗದ್ದ ಎತ್ತಿದ. "ಎಂಟು ವರ್ಷದಿಂದ ಬರ್ತೀಯ, ಒಂದು ಮಾತು ಹೇಳಿಲ್ವಲ್ಲೋ. ಇವಳ ಕಾರು ಎಷ್ಟು ಎತ್ತರದಿಂದ ಬಿದ್ರೂ ಕಾಲ ಮೇಲೇ ಬೀಳ್ತಿತ್ತು. ಅದಕ್ಕೇ ಬೆಕ್ಕು ಅಂತಿದ್ವಿ. ಆರನೇ ಕ್ಲಾಸಲ್ಲಿ ದೊಡ್ಡೋರನ್ನೆಲ್ಲ ಸೋಲಿಸಿ ಎ ಫೈನಲ್‌ಗೆ ಹೋದ್ಳು."

ಅಜ್ಜ ಬಿಡಲಿಲ್ಲ, ಅವಳನ್ನು ಅಟ್ಟಣಿಗೆ ಹತ್ತಿಸಿದ. ಶುಂಜಿಯ ಬಿಟ್ಟುಹಾಕಿದ ಕಾರು, ಅಂಗಡಿಯಿಂದ ಬಂದ ಹಾಗೇ ಇದ್ದ ಮೋಟಾರು. ಮೊದಲ ಸುತ್ತಿನಲ್ಲಿ ಅವಳು ಎರಡು ಕಡೆ ದಾರಿಯ ಅಂಚಿಗೆ ಹಾಸಿದ ಪೈಪಿಗೆ ಗುದ್ದಿದಳು. ಇಸಾಮುವಿಗೆ ಜೀವ ಬಂದ ಹಾಗಾಯಿತು. ಮೂರನೆಯ ಸುತ್ತಿಗೆ ಅವಳ ಬೆರಳುಗಳಿಗೆ ಏನೋ ನೆನಪಾಯಿತು. ಕಾರು ದೊಡ್ಡ ದಿಬ್ಬದಿಂದ ಹಾರಿ, ಗಾಳಿಯಲ್ಲಿ ಮೂತಿ ಕೆಳಗೆ ಮಾಡಿ, ಮತ್ತೆ ಸರಿಯಾಗಿ, ನಾಲ್ಕೂ ಚಕ್ರ ಒಟ್ಟಿಗೆ ಊರಿ ಇಳಿಯಿತು. ಮೇಜುಗಳ ಹತ್ತಿರ ಕೂತವರು ಒಬ್ಬೊಬ್ಬರಾಗಿ ಎದ್ದು ಬಂದರು. ಆ ದಿಬ್ಬವನ್ನು ಹಾಗೆ ಇಳಿಯಬೇಕೆಂದು ಎಂಟು ವರ್ಷದಿಂದ ಒದ್ದಾಡುತ್ತಿದ್ದ ಇಸಾಮು ಮಾತ್ರ ಕೂತಲ್ಲೇ ಕೂತು ಡಬ್ಬಿ ಬಿಚ್ಚಿ ಅನ್ನದುಂಡೆ ತಿಂದ. ರುಚಿ ಗೊತ್ತಾಗಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಕೇಳಿದ. ಶುಂಜಿ ಹುಟ್ಟಿದಂದಿನಿಂದ ಗಂಡ ಹೆಂಡತಿ ಒಬ್ಬರನ್ನೊಬ್ಬರು ಅಪ್ಪ, ಅಮ್ಮ ಎಂದೇ ಕರೆದುಕೊಳ್ಳುತ್ತಿದ್ದರು.

"ಅಮ್ಮಾ, ಯಾಕೆ ಹೇಳಲಿಲ್ಲ?"

"ನೀನು ಕೇಳಲಿಲ್ಲವಲ್ಲ ಅಪ್ಪಾ. ಮೊದಲ ಕಾರು ತಂದಾಗ ನಾನು ಕಣ್ಣು ಹಾಯಿಸಿದೆ. 'ಇದೆಲ್ಲ ನಿನಗೆ ಅರ್ಥ ಆಗಲ್ಲ ಬಿಡು' ಅಂತ ನೀನು ಅಂದೆ. ಸರಿ ಬಿಡು ಅಂತ ನಾನೂ ಸುಮ್ಮನಾದೆ." ಅವಳು ಮೀನಿನ ಮುಳ್ಳು ಬಿಡಿಸುತ್ತಿದ್ದಳು. "ಹೈಸ್ಕೂಲ್ ಪರೀಕ್ಷೆ ಬಂತು ಅಂತ ನಮ್ಮಪ್ಪ ಎಲ್ಲಾ ಮಾರಿಬಿಟ್ಟರು. ಎರಡು ದಿನ ಅತ್ತೆ. ಆಮೇಲೆ ಮರೆತೆ."

"ಮರೆತ ಹಾಗೆ ಕಾಣಲಿಲ್ಲ."

"ನನಗೂ ಹಾಗೇ ಅನ್ನಿಸ್ತು," ಎಂದು ಅವಳು ನಕ್ಕಳು.

ಶುಂಜಿ ಬಟ್ಟಲಿನಿಂದ ತಲೆ ಎತ್ತಿದ. "ಹಾಗಾದ್ರೆ ಅಪ್ಪನಿಗಿಂತ ಅಮ್ಮ ಜೋರಾ? ನನ್ನ ಹಳೇ ಡಕೋಟಾ ಕಾರಲ್ಲಿ?"

"ನೀನು ಊಟ ಮಾಡು," ಎಂದ ಇಸಾಮು.

ಮರುವಾರದಿಂದ ಯುಕಾರಿ ಜೊತೆಗೆ ಬರತೊಡಗಿದಳು. ಮನೆಯ ಬಟ್ಟೆಯನ್ನು ಶನಿವಾರವೇ ಒಗೆದು ಮುಗಿಸುತ್ತಿದ್ದಳು. ಅವಳು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ದಿನವಿಡೀ ಬೇರೆಯವರ ಅಂಗಿಯ ಕಾಲರು ತಿದ್ದಿ ತಿದ್ದಿ ಅವಳ ಕೈಗೆ ನಡುಕ ಎಂಬುದೇ ಗೊತ್ತಿರಲಿಲ್ಲ. ಅಂಗಳದಲ್ಲಿ ಅವಳನ್ನು ಉನ್ನೊ ಹೆಂಡತಿ ಎಂದು ಯಾರೂ ಕರೆಯಲಿಲ್ಲ. ಎಲ್ಲರ ಬಾಯಲ್ಲೂ ಬೆಕ್ಕು. ಬೆಕ್ಕು, ಈ ಸ್ಪ್ರಿಂಗ್ ನೋಡು. ಬೆಕ್ಕು, ಈ ತಿರುವಿಗೆ ಯಾವಾಗ ಬ್ರೇಕು? ಹಲ್ಲಿನ ಡಾಕ್ಟರ್ ಕಾತಾಯಾಮಾ ತನ್ನ ಮಡಚುವ ಕುರ್ಚಿಯನ್ನೇ ಅವಳಿಗೆ ಬಿಟ್ಟುಕೊಟ್ಟ. ಎಂಟು ವರ್ಷದಲ್ಲಿ ಅವನು ಇಸಾಮುವಿಗೆ ಬಿಟ್ಟುಕೊಟ್ಟದ್ದೆಂದರೆ ಹಲ್ಲುಜ್ಜುವ ಪೇಸ್ಟಿನ ಒಂದು ಪುಕ್ಕಟೆ ಟ್ಯೂಬು. ಅಜ್ಜನ ಹೆಂಡತಿ ಓದೆನ್ ಎಂಬ ಸಾರು ಕುದಿಯುವ ಪಾತ್ರೆಯಿಂದ ಕಡ್ಡಿಗೆ ಚುಚ್ಚಿದ ಕರಿ ಮೀನುಬಿಲ್ಲೆಯನ್ನು ಅವಳಿಗೆ ಒಂದಕ್ಕೆ ಎರಡು ಕೊಡುತ್ತಿದ್ದಳು. ಬಿಲ್ಲೆ ಇಸಾಮುವಿನ ಕಾರ್ಖಾನೆಯದೇ.

ಇಸಾಮು ಕೆಟ್ಟವನಲ್ಲ. ಇದನ್ನು ಈಗಲೇ ಹೇಳಿಬಿಡಬೇಕು, ಮುಂದೆ ಹೇಳಲು ಕಷ್ಟವಾಗುತ್ತದೆ. ಹೆಂಡತಿಗೆ ಜ್ವರ ಬಂದರೆ ಗಂಜಿ ಮಾಡುತ್ತಿದ್ದ, ಅವಳ ಅಪ್ಪನನ್ನು ಮಂಡಿ ತೋರಿಸಲು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ. ಆದರೆ ಅವಳ ಕಾರು ಆ ದಿಬ್ಬ ಹಾರಿ ಇಳಿಯುವುದನ್ನು ನೋಡಿದಾಗ ಅವನ ಹೊಟ್ಟೆಯಲ್ಲಿ ಕೆಂಡ ಸುರಿದ ಹಾಗಾಗುತ್ತಿತ್ತು. ತಾನು ಶಾಲೆಯ ಬಯಲಿನಲ್ಲಿ ಯಾರಯಾರದೋ ಕಾರು ಎತ್ತುತ್ತಿದ್ದ ಅದೇ ಬೇಸಿಗೆಗಳಲ್ಲಿ ಇವಳು ಇಲ್ಲಿ, ಅಪ್ಪನನ್ನು ಪಕ್ಕದಲ್ಲಿಟ್ಟುಕೊಂಡು, ಹೊಸ ಕಾರು ಓಡಿಸುತ್ತಿದ್ದಳು. ಗೋಡೆಯ ಮೇಲೆ ಹೆಸರು ಬರೆಸಿಕೊಂಡಿದ್ದಳು. ಅದನ್ನು ಎರಡು ದಿನ ಅತ್ತು ಮರೆತೂ ಬಿಟ್ಟಳಂತೆ. ಮರೆಯುವಷ್ಟು ಧಾರಾಳವಾಗಿ ಇತ್ತಲ್ಲ ಅವಳಿಗೆ, ಅದೇ ಅವನಿಗೆ ತಡೆಯಲಾಗುತ್ತಿರಲಿಲ್ಲ.

ಹಾಗಾಗಿ ಸಣ್ಣಪುಟ್ಟ ಕೆಲಸಗಳನ್ನು ಮಾಡಿದ. ಬ್ಯಾಟರಿಗಳಲ್ಲಿ ಉಬ್ಬಿದ್ದನ್ನು ಅವಳಿಗೆ ಕೊಟ್ಟ. ಹೊಸ ಟೈರುಗಳನ್ನು ಪೆಟ್ಟಿಗೆಯ ತಳದಲ್ಲಿಟ್ಟು ಮೇಲೆ ಒರೆಸುವ ಬಟ್ಟೆ ಹೊದಿಸಿದ. ಮಳೆ ಬರುತ್ತದೆಯಂತೆ ಎಂದು ಬಿಸಿಲಿರುವ ಬೆಳಿಗ್ಗೆ ಎರಡು ಸಲ ಹೇಳಿ ನೋಡಿದ. ಅವಳು ಸವೆದ ಟೈರಿನಲ್ಲೇ ಓಡಿಸಿದಳು, ಛತ್ರಿ ಹಿಡಿದುಕೊಂಡೇ ಬಂದಳು.

ಶರತ್ಕಾಲದ ದೊಡ್ಡ ರೇಸಿನ ದಿನ ಬಂತು. ಕ್ರಮ ಹೀಗೆ. ಬೆಳಿಗ್ಗೆ ಎಲ್ಲರನ್ನೂ ಗುಂಪು ಗುಂಪಾಗಿ ಮೂರು ಮೂರು ಸಲ ಓಡಿಸುತ್ತಾರೆ, ಪ್ರತಿಯೊಬ್ಬರ ಒಳ್ಳೆಯ ಓಟವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಮೊದಲ ಹತ್ತು ಮಂದಿ ಎ ಫೈನಲಿಗೆ, ಉಳಿದವರು ಬಿ ಫೈನಲಿಗೆ. ಇನ್ನೊಂದು ಕಟ್ಟಳೆ ಎತ್ತುವ ಪಾಳಿಯದು. ಒಂದು ಗುಂಪು ಓಡಿ ಮುಗಿಸಿದ ಕೂಡಲೇ ಅಟ್ಟಣಿಗೆ ಇಳಿದು, ಕಿತ್ತಳೆ ಬಣ್ಣದ ತೋಳಿಲ್ಲದ ಅಂಗಿ ತೊಟ್ಟು, ಅಂಗಳದ ತಿರುವುಗಳಲ್ಲಿ ನಿಲ್ಲಬೇಕು. ಮುಂದಿನ ಗುಂಪಿನ ಕಾರುಗಳು ಮಗುಚಿದರೆ ಎತ್ತಿ ನಿಲ್ಲಿಸಬೇಕು. ಗೆದ್ದವನಾಗಲಿ ಸೋತವನಾಗಲಿ ಪಾಳಿ ತಪ್ಪಿಸುವ ಹಾಗಿಲ್ಲ. ಹತ್ತಿರದ ಕಾರು ಮೊದಲು, ದೂರದ್ದು ಆಮೇಲೆ. ಯಾರದು ಎಂದು ನೋಡಬಾರದು. ಅಲ್ಲಿ ಕಾರು ಹಿಡಿಯಲು ಬಂದ ಮಗುವಿಗೂ ಅಜ್ಜ ಮೊದಲು ಕಲಿಸುವುದು ಇದನ್ನೇ.

ಇಸಾಮು ಮೊದಲ ಗುಂಪಿನಲ್ಲಿದ್ದ, ಯುಕಾರಿ ಎರಡನೆಯದರಲ್ಲಿ. ಆ ದಿನ ಇಸಾಮುವಿನ ಕೈ ಚೆನ್ನಾಗಿ ಓಡಿತು. ಮೂರನೆಯ ಓಟ ಮುಗಿಸಿ ಅಟ್ಟಣಿಗೆ ಇಳಿಯುವಾಗ ಧ್ವನಿವರ್ಧಕದಲ್ಲಿ ಅಜ್ಜ ಹೇಳಿದ್ದು ಕೇಳಿ ಅವನ ಕಿವಿ ಜುಮ್ಮೆಂದಿತು. ಸದ್ಯಕ್ಕೆ ಹತ್ತನೆಯವನು ಉನ್ನೊ ಇಸಾಮು, ಹನ್ನೊಂದನೆಯವಳು ಉನ್ನೊ ಯುಕಾರಿ. ಅವನ ಓಟಗಳು ಮುಗಿದಿದ್ದವು. ಅವಳದು ಇನ್ನೊಂದು ಬಾಕಿಯಿತ್ತು.

ಅವನು ಕಿತ್ತಳೆ ಅಂಗಿ ತೊಟ್ಟು ದೊಡ್ಡ ದಿಬ್ಬದ ಆಚೆಯ ತಿರುವಿನಲ್ಲಿ ನಿಂತ. ಮೆಟ್ಟಿಲ ಹತ್ತಿರ ಎದುರಾದಾಗ ಯುಕಾರಿ, "ಚೆನ್ನಾಗಿ ಓಡಿಸಿದೆ ಅಪ್ಪಾ, ಈ ಸಲ ಪಟ್ಟಿ ಏರುತ್ತೆ," ಎಂದಿದ್ದಳು. ಮನಸಾರೆ ಹೇಳಿದ್ದಳು. ಅದು ಅವನನ್ನು ಇನ್ನಷ್ಟು ಸುಟ್ಟಿತು. ಗೆಲ್ಲುವವರಿಗೆ ಮಾತ್ರ ಅಷ್ಟು ಒಳ್ಳೆಯ ಮನಸ್ಸು ಇರಲು ಸಾಧ್ಯ ಎಂದು ಅವನಿಗೆ ಅನ್ನಿಸಿತು.

ಓಟ ಶುರುವಾಯಿತು. ಅವಳ ಕಾರು, ಶುಂಜಿ ಚಿಕ್ಕವನಿದ್ದಾಗ ಅಂಟಿಸಿದ ಡೈನೋಸಾರ್ ಚಿತ್ರ ಇನ್ನೂ ಮೈಮೇಲಿದ್ದ ಕಾರು, ಸುತ್ತಿನಿಂದ ಸುತ್ತಿಗೆ ಬಿಗಿಯಾಗುತ್ತ ಹೋಯಿತು. ಇಸಾಮು ಪ್ರತಿ ಸಲ ಅದು ತನ್ನೆದುರಿನಿಂದ ಹಾದುಹೋಗುವುದನ್ನು ನೋಡಿದ. ಬೀಳು, ಎಂದು ಒಳಗೊಳಗೇ ಅಂದ. ಒಂದು ಸಲವಾದರೂ ಬೀಳು. ಕೊನೆಗೆ ಎರಡೇ ಸುತ್ತು ಉಳಿದಿರುವಾಗ ಹಿಂದಿನಿಂದ ಡಾಕ್ಟರ್ ಕಾತಾಯಾಮಾನ ಕಾರು ಅವಸರಪಟ್ಟು ದಿಬ್ಬ ಹಾರಿ ಬಂದು ಅವಳ ಕಾರಿನ ಮೇಲೇ ಇಳಿಯಿತು. ಎರಡೂ ಉರುಳಿದವು. ಡಾಕ್ಟರನ ಕಾರು ಆಚೆ ಪೈಪಿನ ಬುಡಕ್ಕೆ ಹೋಗಿ ಬಿತ್ತು. ಬೆಕ್ಕಿನ ಕಾರು ಇಸಾಮುವಿನ ಬೂಟಿನ ಹತ್ತಿರ ಬಂದು, ಅಂಗಾತವಾಗಿ, ನಾಲ್ಕೂ ಚಕ್ರಗಳನ್ನು ಆಕಾಶದ ಕಡೆ ತಿರುಗಿಸುತ್ತ ಬಿದ್ದುಕೊಂಡಿತು.

ಬಗ್ಗಿದರೆ ಕೈಗೆ ಸಿಗುತ್ತಿತ್ತು. ಇಸಾಮು ಅದನ್ನು ನೋಡಿದ. ಡೈನೋಸಾರ್ ಮಣ್ಣಿನಲ್ಲಿ ಮುಖ ಮುಚ್ಚಿಕೊಂಡಿತ್ತು. ಅವನು ಅದನ್ನು ದಾಟಿ, ಪೈಪಿನ ಬುಡಕ್ಕೆ ಓಡಿ, ಡಾಕ್ಟರನ ಕಾರನ್ನು ಎತ್ತಿ ನಿಲ್ಲಿಸಿದ. ಆಮೇಲೆ ತಿರುಗಿ ಬಂದು ಹೆಂಡತಿಯ ಕಾರನ್ನು ಎತ್ತಿದ.

ಅಷ್ಟೇ. ಹೇಳಲು ಹೊತ್ತು ಹಿಡಿಯುತ್ತದೆ, ಆಗಲು ಹಿಡಿಯಲಿಲ್ಲ. ಆದರೆ ಅವಳಿಗೆ ಹತ್ತನೆಯ ಸ್ಥಾನ ತಪ್ಪಿದ್ದು ಅದರಲ್ಲಿ ಅರ್ಧದಷ್ಟು ಹೊತ್ತಿನಿಂದ. ಅಜ್ಜ ಧ್ವನಿವರ್ಧಕದಲ್ಲಿ ಹೆಸರುಗಳನ್ನು ಓದಿದ. ಹತ್ತನೆಯವನು ಉನ್ನೊ, ಹನ್ನೊಂದನೆಯವಳು ಉನ್ನೊ. ಜನ ನಕ್ಕು ಚಪ್ಪಾಳೆ ತಟ್ಟಿದರು, ಗಂಡ ಗೆದ್ದ, ಮನೆಗೆ ಹೋದರೆ ಗತಿಯಿಲ್ಲ ಎಂದು ಯಾರೋ ಕೂಗಿದರು. ಇಸಾಮುವೂ ನಕ್ಕ. ಎಂಟು ವರ್ಷ ಕಾದ ಮಾತು ಕಿವಿಗೆ ಬಿದ್ದಿತ್ತು. ಬಾಯಲ್ಲಿ ಮಾತ್ರ ಕಬ್ಬಿಣ ನೆಕ್ಕಿದ ರುಚಿಯಿತ್ತು.

ಮಧ್ಯಾಹ್ನ ಓದೆನ್ ಪಾತ್ರೆಯ ಸುತ್ತ ಎಲ್ಲರೂ ಸೇರಿದ್ದರು. ಯುಕಾರಿ ಬೆನ್ನು ಹಾಕಿ ನಿಂತು, ಅಜ್ಜನ ಹೆಂಡತಿಯ ಜೊತೆ ಬಟ್ಟಲುಗಳಿಗೆ ಸಾರು ಬಡಿಸುತ್ತಿದ್ದಳು. ಅಜ್ಜ ಬಂದು ಇಸಾಮುವಿನ ಪಕ್ಕ ಕೂತ. ಅಟ್ಟಣಿಗೆಯ ಮೇಲಿನ ಕೋಣೆಯಿಂದ ಅಂಗಳದ ಪ್ರತಿ ಮೂಲೆ ಅವನಿಗೆ ಕಾಣುತ್ತದೆ.

"ವಯಸ್ಸೆಷ್ಟಾಯ್ತೋ ಉನ್ನೊ ನಿನಗೆ?"

"ನಲವತ್ತೆಂಟು, ಅಜ್ಜ."

"ಹೂಂ. ಚಾಳೀಸು ಬಂದಿರಬೇಕು." ಅಜ್ಜ ಮೂಲಂಗಿ ಹೋಳನ್ನು ಊದಿ ಬಾಯಿಗೆ ಹಾಕಿಕೊಂಡ. "ಆ ವಯಸ್ಸಲ್ಲಿ ಹಾಗೇ. ದೂರದ್ದು ಚೆನ್ನಾಗಿ ಕಾಣುತ್ತೆ, ಹತ್ತಿರದ್ದು ಕಾಣಲ್ಲ. ಕಣ್ಣು ತೋರಿಸ್ಕೊ."

ಇಸಾಮು ಬಟ್ಟಲನ್ನು ಮೇಜಿನ ಮೇಲಿಟ್ಟ. ಸಾರು ಬಡಿಸುತ್ತಿದ್ದ ಯುಕಾರಿಯ ಸೌಟು ನಿಂತಿತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ, ಆ ಕಡೆ ನೋಡುವ ಧೈರ್ಯ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಅವಳು ಅವನ ಮೇಜಿನ ಹತ್ತಿರ ಬಂದಳು.

"ಬಿಸಿಲು ಏರ್ತಿದೆ ಅಪ್ಪಾ. ಫೈನಲ್ ಹೊತ್ತಿಗೆ ಮಣ್ಣು ಒಣಗಿ ಜಾರುತ್ತೆ. ಸಣ್ಣ ಮುಳ್ಳಿನ ಟೈರು ಹಾಕ್ಕೊ. ಪೆಟ್ಟಿಗೆ ತಳದಲ್ಲಿದೆಯಲ್ಲ, ಬಟ್ಟೆ ಕೆಳಗೆ."

ಬಟ್ಟೆಯ ಕೆಳಗಿರುವುದೂ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಇಷ್ಟು ದಿನ ಕೇಳಿರಲಿಲ್ಲ. ಅವಳ ಮಾತು ಸರಿ ಎಂದು ಇಸಾಮುವಿಗೆ ಅನ್ನಿಸಿತು. ಸರಿ ಎನ್ನಿಸಿದ್ದರಿಂದಲೇ ಟೈರು ಬದಲಿಸಲಿಲ್ಲ. ಎ ಫೈನಲಿಗೆ ಹೋಗುವವನು ನಾನೋ ಅವಳೋ ಎಂದು ಹಲ್ಲು ಕಚ್ಚಿ ಹಳೆಯದನ್ನೇ ಉಳಿಸಿಕೊಂಡ.

ಬಿ ಫೈನಲ್ ಮೊದಲು ನಡೆಯಿತು. ಯುಕಾರಿ ಅದನ್ನು ಗೆದ್ದಳು ಎಂದು ಬೇರೆ ಹೇಳಬೇಕೇ? ಎರಡನೆಯವನು ತಿರುವಿನಾಚೆಗೂ ಕಾಣುತ್ತಿರಲಿಲ್ಲ. ಗೆದ್ದ ಕೂಡಲೇ ರಿಮೋಟ್ ಕೆಳಗಿಟ್ಟು, ಕಿತ್ತಳೆ ಅಂಗಿ ತೊಟ್ಟು, ಎ ಫೈನಲಿಗೆ ಎತ್ತುವ ಪಾಳಿಗೆ ಹೋದಳು. ಅಟ್ಟಣಿಗೆಯ ಮೇಲೆ ನಿಂತ ಇಸಾಮು ನೋಡುತ್ತಾನೆ, ಅವಳು ನಿಂತದ್ದು ದೊಡ್ಡ ದಿಬ್ಬದ ಆಚೆಯ ತಿರುವಿನಲ್ಲೇ. ಅವನು ಬೆಳಿಗ್ಗೆ ನಿಂತಿದ್ದ ಜಾಗ ಅದು. ಬೇಕೆಂದೇ ಆರಿಸಿಕೊಂಡಳೋ ಅಥವಾ ಅದೊಂದೇ ಉಳಿದಿತ್ತೋ, ಅವನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಅವನು ಸಾಲಿನ ಕೊನೆಯಲ್ಲಿ ಹೊರಟ. ಮುಂದಿನವರು ತಮ್ಮತಮ್ಮಲ್ಲೇ ಡಿಕ್ಕಿ ಹೊಡೆದುಕೊಂಡು ದಾರಿ ಬಿಟ್ಟರು, ಒಂಬತ್ತನೆಯವನಾದ, ಎಂಟನೆಯವನಾದ. ಕಾರು ಸೋಪು ನೀರಿನ ಮೇಲೆ ಓಡಿದ ಹಾಗೆ ಜಾರುತ್ತಿತ್ತು. ಪ್ರತಿ ಸುತ್ತಿನಲ್ಲೂ ದಿಬ್ಬದ ಆಚೆ ಆ ಕಿತ್ತಳೆ ಅಂಗಿ ಕಾಣುತ್ತಿತ್ತು. ಅದನ್ನು ನೋಡಬಾರದು ಎಂದುಕೊಂಡೇ ಅದನ್ನು ನೋಡಿದ. ಕೊನೆಯ ಸುತ್ತಿಗೆ ಮೊದಲು ದಿಬ್ಬದ ಮೇಲೆ ಹಿಂದಿನ ಚಕ್ರ ಜಾರಿತು, ಕಾರು ಅಡ್ಡವಾಗಿ ಹಾರಿ, ಪಲ್ಟಿ ಹೊಡೆದು, ಪೈಪಿನ ಬುಡದಲ್ಲಿ ಅಂಗಾತ ಬಿತ್ತು. ಹಿಂದೆ ಬಂದ ಡಾಕ್ಟರ್ ಕಾತಾಯಾಮಾ ತಪ್ಪಿಸಲು ಹೋಗಿ ತಾನೂ ಉರುಳಿದ. ಡಾಕ್ಟರನ ಕಾರು ಯುಕಾರಿಯ ಕಾಲ ಹತ್ತಿರ ಬಿತ್ತು.

ಯುಕಾರಿ ಬಗ್ಗಿ ಡಾಕ್ಟರನ ಕಾರನ್ನು ಎತ್ತಿದಳು.

ಆ ಗಳಿಗೆಯಲ್ಲಿ ಇಸಾಮುವಿಗೆ ಆದದ್ದು ಸಂತೋಷ. ನಾಚಿಕೆಯಿಲ್ಲದ, ಪೂರ್ತಿ ಸಂತೋಷ. ಸೇಡು ತೀರಿಸಿಕೊಂಡಳು, ಇವಳೂ ನನ್ನ ಹಾಗೇ, ಇನ್ನು ಇಬ್ಬರದೂ ಸಮ ಎಂದು ಅವನ ಎದೆಯಿಂದ ಒಂದು ಕಲ್ಲು ಇಳಿಯಿತು. ಆಮೇಲೆ ಕಣ್ಣಿಗೆ ಕಂಡದ್ದು ತಲೆಗೆ ಹೋಯಿತು. ಡಾಕ್ಟರನ ಕಾರೇ ಹತ್ತಿರ ಇತ್ತು. ಅವಳು ಅದನ್ನು ನೆಲಕ್ಕೆ ಊರುತ್ತಲೇ ಎರಡು ನೆಗೆತಕ್ಕೆ ಪೈಪಿನ ಹತ್ತಿರ ಬಂದು, ಅವನ ಕಾರನ್ನು ತಿರುಗಿಸಿ, ಮೂತಿ ದಾರಿಗೆ ಮಾಡಿ ಇಟ್ಟು, ಅವನ ಕಡೆ ಕತ್ತು ಕೂಡ ಎತ್ತದೆ ಮುಂದಿನ ಕಾರಿಗೆ ಕಾಯುತ್ತ ನಿಂತಳು. ಯಾರ ಕಾರು ಎಂಬುದನ್ನು ಅವಳು ಲೆಕ್ಕಕ್ಕೇ ಇಟ್ಟಿರಲಿಲ್ಲ. ಅವನು ಬೆರಳು ಒತ್ತುವುದನ್ನೇ ಮರೆತು ನಿಂತಿದ್ದ. ಕಾರುಗಳು ಒಂದೊಂದಾಗಿ ಅವನದನ್ನು ದಾಟಿ ಹೋದವು. ಅವಳ ಓಟದ ಮೇಲೆ, ಅವಳ ಬಾಲ್ಯದ ಮೇಲೆ ಇದ್ದ ಹೊಟ್ಟೆಕಿಚ್ಚೆಲ್ಲ ಈಗ ಆ ಎರಡು ಕೈಗಳ ಮೇಲೆ ಬಂದು ನಿಂತಿತು. ತನಗೆ ಆ ಕೈಗಳು ಇಲ್ಲವಲ್ಲ ಎಂದು ಅವನ ಹೊಟ್ಟೆ ಉರಿಯಿತು.

ಹತ್ತರಲ್ಲಿ ಹತ್ತನೆಯವನಾಗಿ ಮುಗಿಸಿದ. ಅಜ್ಜ ಸಂಜೆ ಗುಡಿಸಲಿನಲ್ಲಿ ಕುಂಚ ಅದ್ದಿ 'ಉನ್ನೊ' ಎಂದು ಬರೆದು ಮೊಳೆಗೆ ತೂಗುಹಾಕಿದ. ಎಲ್ಲರೂ ಕೈ ತಟ್ಟಿದರು, ಎಲ್ಲರಿಗಿಂತ ಜೋರಾಗಿ ಯುಕಾರಿ. ಮಸಿ ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು. ಎಂಟು ವರ್ಷ ಆಸೆಪಟ್ಟ ಆ ಪಟ್ಟಿಯನ್ನು ಇಸಾಮು ಒಂದು ಸಲ ನೋಡಿ, ಸಾಮಾನು ಕಟ್ಟುವ ನೆವದಲ್ಲಿ ಹೊರಗೆ ಬಂದುಬಿಟ್ಟ.

ಮನೆಯ ದಾರಿಯಲ್ಲಿ ಯುಕಾರಿ ಅಂಗಡಿಯ ಹತ್ತಿರ ನಿಲ್ಲಿಸು ಎಂದಳು. ಶುಂಜಿಯ ಬೆಳಗಿನ ಡಬ್ಬಿಗೆ ಮೊಟ್ಟೆ ಬೇಕಿತ್ತು. ಅವಳು ಇಳಿದು ಹೋದ ಮೇಲೆ ಇಸಾಮು ಹಿಂದೆ ತಿರುಗಿ ನೋಡಿದ. ಹಿಂದಿನ ಸೀಟಿನ ಪೆಟ್ಟಿಗೆಯಲ್ಲಿ ಎರಡು ಕಾರುಗಳು ಪಕ್ಕ ಪಕ್ಕದಲ್ಲಿದ್ದವು. ಡೈನೋಸಾರಿನ ತಲೆ ಮಣ್ಣಿಗೆ ಉಜ್ಜಿ ಅರ್ಧ ಹೋಗಿತ್ತು. ಅವನು ಕೈ ಚಾಚಿ ಹೆಬ್ಬೆರಳಿನಿಂದ ಒರೆಸಿದ. ಮಣ್ಣು ಹೋಯಿತು, ಗೀರು ಹೋಗಲಿಲ್ಲ.

ಅವಳು ಬಂದು, ಮೊಟ್ಟೆಯ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕಾರು ಸೇತುವೆಯ ಹತ್ತಿರ ಕೆಂಪು ದೀಪಕ್ಕೆ ನಿಂತಿತು.

"ನಿನ್ನ ಕಾರು ದೂರ ಇತ್ತು," ಎಂದಳು, ಎದುರಿನ ರಸ್ತೆ ನೋಡುತ್ತಲೇ.

"ಗೊತ್ತು."

"ಬೆಳಿಗ್ಗೆ ನನ್ನದು ಹತ್ತಿರ ಇತ್ತು."

ಕೆಂಪು ದೀಪ ಹಸಿರಾಯಿತು. ಹಿಂದಿನ ಲಾರಿಯವನು ಹಾರ್ನ್ ಹೊಡೆದ. ಇಸಾಮು ಗೇರು ಹಾಕಲಿಲ್ಲ. ಗಂಟಲಲ್ಲಿ ಸುಳ್ಳುಗಳು ಮೂರು ನಾಲ್ಕು ಸಿದ್ಧವಾಗಿ ನಿಂತಿದ್ದವು, ಕಾಲು ಜಾರಿತು, ಧೂಳಿತ್ತು, ಡಾಕ್ಟರು ಕೂಗಿದ.

"ಅದೂ ಗೊತ್ತಿತ್ತು," ಎಂದ.

ಯುಕಾರಿ ತಲೆಯಾಡಿಸಿದಳು.

"ಹಾಗಾದ್ರೆ ಕಣ್ಣು ಚೆನ್ನಾಗೇ ಇದೆ. ತೋರಿಸೋದೇನೂ ಬೇಡ." ಅವಳು ಎರಡೂ ಕೈಯಿಂದ ತಟ್ಟೆಯನ್ನು ಭದ್ರವಾಗಿ ಹಿಡಿದುಕೊಂಡಳು. "ಮೆಲ್ಲಗೆ ಓಡಿಸು, ಮೊಟ್ಟೆ ಇದೆ."